ಕೆಂಚಿ, ಯಾಕವ್ವ, ಸಂಪಣ್ಣ ಮತ್ತು ನಮ್ಮ ಕ್ಲಾರಾ

ನಜರ್‌ಬಾದಿನ ನಮ್ಮ ವಠಾರದಲ್ಲಿ ಐದು ಮನೆ. ನನ್ನದು ಮೂರನೆಯದು, ಕ್ಲಾರಾಳದು ನಾಲ್ಕನೆಯದು. ನಡುವೆ ಒಂದೇ ಗೋಡೆ. ಅವಳು ಆ ಕಡೆ ಒಗ್ಗರಣೆ ಹಾಕಿದರೆ ನಾನು ಈ ಕಡೆ ಸೀನುತ್ತೇನೆ. ನಲವತ್ತೊಂದು ವರ್ಷದಿಂದ ಸೀನಿಕೊಂಡು ಬಂದವಳಿಗೆ ಅವಳ ವಿಚಾರ ಬರೆಯುವ ಹಕ್ಕು ಇದೆ ಎಂದುಕೊಂಡು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ.

ಕ್ಲಾರಾ ಎಂದರೆ ದರ್ಜಿ ಇನ್ನಾಸಪ್ಪನವರ ಹೆಂಡತಿ. ವಯಸ್ಸು ಅರವತ್ತೆರಡು. ಎತ್ತರ ಕಡಿಮೆ, ದನಿ ಜಾಸ್ತಿ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಇದೇ ಮೈಸೂರಿನಲ್ಲಿ. ಸ್ಕೂಲಿನ ವಿಷಯದಲ್ಲಿ ಅವಳು ನನಗಿಂತಲೂ ಎರಡು ಕ್ಲಾಸು ಹಿಂದೆ. ಆದರೆ ಆ ಕೈಗೆ ಒಂದು ಸಲ ತೋರಿಸಿದ್ದು ಮರೆಯುವುದಿಲ್ಲ. ಕ್ರಿಸ್ಮಸ್ ಬಂತೆಂದರೆ ಹಿಟ್ಟಿನ ಗೋಲಿಯನ್ನು ಫೋರ್ಕಿನ ಬೆನ್ನ ಮೇಲೆ ಉರುಳಿಸಿ ಕಲ್‌ಕಲ್ ಮಾಡುತ್ತಾಳೆ. ಒಂದೊಂದಕ್ಕೂ ಒಂದೇ ಲೆಕ್ಕದ ಗೀರು. ನಮ್ಮ ಮನೆಯವರು ತೀರಿಕೊಂಡ ವರ್ಷ ನಾನು ಹಬ್ಬ ಮಾಡದೆ ಕೂತಿದ್ದಾಗ ಒಂದು ಡಬ್ಬ ತಂದು ತೊಡೆಯ ಮೇಲಿಟ್ಟು, "ತಿನ್ನಕ್ಕ, ದೇವ್ರು ಬೇರೆಯಾದ್ರೂ ಸಕ್ಕರೆ ಒಂದೇ" ಎಂದಿದ್ದಳು. ನಾನು ಅತ್ತುಕೊಂಡೇ ಅರ್ಧ ಡಬ್ಬ ಮುಗಿಸಿದ್ದೆ.

ಅವಳು ಕೊರಿಯಾದವರ ಮನೆಯ ಅಡುಗೆಗೆ ಸೇರಿದ್ದು ಹನ್ನೊಂದು ವರ್ಷದ ಹಿಂದೆ. ಹೂಟಗಳ್ಳಿಯ ಕಡೆ ಯಾವುದೋ ಕಾರ್ಖಾನೆಗೆ ಕೊರಿಯಾದಿಂದ ಎಂಜಿನಿಯರ್ ಒಬ್ಬರು ಬಂದಿದ್ದರು. ಅವರ ಹೆಂಡತಿಗೆ ಹಂದಿ, ದನ ಎರಡನ್ನೂ ಮೂಗು ಮುರಿಯದೆ ಮುಟ್ಟುವ ಅಡುಗೆಯವಳು ಬೇಕಾಗಿದ್ದಳು. ಯಾರೋ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ವಿಚಾರಿಸಿದರು. ಕ್ಲಾರಾ ಕೈ ಎತ್ತಿದಳು.

"ಕೊರಿಯಾ ಎಲ್ಲೈತೆ ಅಂತಾದ್ರೂ ಗೊತ್ತೇನೇ ನಿಂಗೆ?" ಎಂದು ಇನ್ನಾಸಪ್ಪ ಕೇಳಿದರು.

"ಕೊರಿಯಾ ಎಲ್ಲಾರ ಇರ್ಲಿ, ಮನೆ ಊಟಗಳ್ಳಿಲೈತೆ. ಸಿಟಿ ಬಸ್ ಓಯ್ತದೆ" ಎಂದಳು. ಅವಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೂಟಗಳ್ಳಿ ಊಟಗಳ್ಳಿಯಾಗುತ್ತದೆ. ಅಡುಗೆಯವಳಿಗೆ ಅದೇ ಸರಿ ಅನ್ನಿ.

ಆ ಹೆಂಗಸಿನ ಹೆಸರು ಪಾರ್ಕ್ ಎಂದು ಶುರುವಾಗುತ್ತಿತ್ತು. ನಮ್ಮ ವಠಾರದಲ್ಲಿ ಆಕೆ ಪಾರ್ಕಮ್ಮನಾದಳು. ಒಳ್ಳೆಯ ಅಡುಗೆಯವಳು. ಏಳು ವರ್ಷ ಕ್ಲಾರಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲವನ್ನೂ ಕಲಿಸಿದಳು. ಕ್ಲಾರಾ ಸಂಜೆ ಬಂದು ನನ್ನ ಜಗಲಿಯ ಮೇಲೆ ಕೂತು ಆ ಪಾಠ ಒಪ್ಪಿಸುತ್ತಿದ್ದಳು. ಕೋಸನ್ನು ಉಪ್ಪಿನಲ್ಲಿ ನೆನೆಸಿ, ಎಲೆ ಎಲೆಗೂ ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ, ಅಕ್ಕಿ ಗಂಜಿ ಸವರಿ ಜಾಡಿಯಲ್ಲಿ ಹುಳಿಯಲು ಬಿಡುವುದಕ್ಕೆ ಅವರು ಕಿಮ್ಚಿ ಎನ್ನುತ್ತಾರೆ. ಕ್ಲಾರಾ ಕೆಂಚಿ ಎಂದಳು. ಕೆಂಪಗೇ ಇತ್ತಲ್ಲ, ಯಾರೂ ತಿದ್ದಲಿಲ್ಲ. ಹುಳಿ ಬರಿಸಿದ ಗಟ್ಟಿ ಮೆಣಸಿನಕಾಯಿ ಮಸಾಲೆಗೆ ಅವರು ಗೊಚುಜಾಂಗ್ ಎಂದರೆ ಇವಳು, "ಬುಡಕ್ಕ, ಗೊಜ್ಜು ತಾನೆ!" ಎಂದಳು. ಮೈದಾಹಿಟ್ಟನ್ನು ಎಳ್ಳೆಣ್ಣೆ ಜೇನುತುಪ್ಪ ಹಾಕಿ ಕಲಸಿ, ಸಣ್ಣ ಉರಿಯಲ್ಲಿ ಕರಿದು, ಶುಂಠಿ ಪಾಕದಲ್ಲಿ ಅದ್ದುವ ಒಂದು ಸಿಹಿ ಇದೆ, ಹೆಚ್ಚು ಕಡಿಮೆ ನಮ್ಮ ಬಾದೂಷಾನೇ. ಅದರ ಹೆಸರು ಯಾಕ್ಗ್ವಾ. ಕ್ಲಾರಾ ಅದನ್ನು ಯಾಕವ್ವ ಮಾಡಿದಳು. "ಇವತ್ತು ಏನ್ ಮಾಡ್ದೆ?" ಎಂದು ನಾನು ಕೇಳುವುದು, "ಯಾಕವ್ವ" ಎಂದು ಅವಳು ಹೇಳುವುದು, "ಸುಮ್ನೆ ಕೇಳ್ದೆ ಕಣೇ" ಎಂದು ನಾನು ಹೇಳುವುದು. ವಾರಕ್ಕೊಂದು ಸಲ ಈ ನಾಟಕ ಆಗುತ್ತಿತ್ತು.

ಒಂದು ಸಲ ಕೆಂಚಿಯ ಜಾಡಿಯೊಂದನ್ನು ಮನೆಗೂ ತಂದಿಟ್ಟಳು. ಮೂರನೇ ದಿನ ಮೊದಲನೇ ಮನೆಯವರು ಮೋರಿ ಕಟ್ಟಿಕೊಂಡಿದೆ ಎಂದು ಕಾರ್ಪೊರೇಷನ್ನಿಗೆ ಫೋನ್ ಮಾಡಿದರು. ಇಬ್ಬರು ಬಂದು ಕೋಲು ಹಾಕಿ ತಿರುವಿ, "ಮೋರಿ ಚೆನ್ನಾಗೇ ಹರೀತಿದೆಯಲ್ಲಮ್ಮ" ಎಂದು ತಲೆ ಕೆರೆದುಕೊಂಡು ಹೋದರು. ಇನ್ನಾಸಪ್ಪ ಆ ಜಾಡಿಯನ್ನು ತಾರಸಿಗೆ ಗಡಿಪಾರು ಮಾಡಿದರು.

ಪಾರ್ಕಮ್ಮ ದೇಶಕ್ಕೆ ಹೊರಟಾಗ ಇಬ್ಬರೂ ಅತ್ತರಂತೆ. ಆಮೇಲೆ ಸ್ವಲ್ಪ ಕಾಲ ಕ್ಲಾರಾ ಮನೆಯಲ್ಲೇ ಇದ್ದಳು. ಅಷ್ಟರಲ್ಲಿ ಅದೇ ಕಾರ್ಖಾನೆಗೆ ಇನ್ನೊಬ್ಬ ಕೊರಿಯಾದ ಹುಡುಗ ಬಂದ. ಹೆಸರು ಮಿಂಜೆ. ದಟ್ಟಗಳ್ಳಿಯಲ್ಲಿ ಮನೆ ಮಾಡಿದ. ಹೆಂಡತಿಯ ಹೆಸರು ಬೊರಾ. ಕ್ಲಾರಾ ಮೊದಲನೇ ದಿನವೇ ಬೋರಮ್ಮ ಎಂದು ನಾಮಕರಣ ಮಾಡಿ ಮುಗಿಸಿದಳು. ಎರಡೂವರೆ ವರ್ಷದ ಹೆಣ್ಣು ಮಗುವಿತ್ತು, ಹಾನಾ. ಕ್ಲಾರಾಳ ಬಾಯಲ್ಲಿ ಅದು ಆನಾ ಆಗಿ, ವಾರ ಕಳೆಯುವುದರಲ್ಲಿ ಆನೆಮರಿಯಾಯಿತು.

ಈ ಬೋರಮ್ಮನಿಗೆ ಅಡುಗೆ ಅನ್ನುವುದೇ ಬರುತ್ತಿರಲಿಲ್ಲ. ಅವಳ ಊರಿನಲ್ಲಿ ಫೋನ್ ಒತ್ತಿದರೆ ಊಟ ಬಾಗಿಲಿಗೆ ಬರುತ್ತಿತ್ತಂತೆ. ಓದಿದ ಹುಡುಗಿ, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕೆಲಸ ಮಾಡುತ್ತಾಳೆ. ಮೊದಲನೇ ತಿಂಗಳು ಕ್ಲಾರಾ ಕೆಂಚಿ ಹಾಕಿದಾಗ ಅದರ ಫೋಟೋ ತೆಗೆದು ಅತ್ತೆಗೆ ಕಳಿಸಿದಳು. ಅತ್ತೆ, "ನೀನೇ ಮಾಡಿದೆಯಾ?" ಎಂದು ಕೇಳಿದಳು. ಸೊಸೆ, "ಹೂಂ" ಎಂದಳು. ಆ ಒಂದು ಹೂಂ ಎರಡು ವರ್ಷ ನಡೆಯಿತು. ಹಬ್ಬಕ್ಕೊಂದು ಫೋಟೋ, ಫೋಟೋಕ್ಕೊಂದು ಹೂಂ. ಮಿಂಜೆಗೆ ಎಲ್ಲ ಗೊತ್ತಿತ್ತು, ಆದರೆ ತಾಯಿಯ ಮುಂದೆ ಅವನಿಗೆ ಬಾಯಿ ಬರುವುದಿಲ್ಲ.

ಹೋದ ವರ್ಷ ಗಣೇಶನ ಹಬ್ಬಕ್ಕೆ ಇನ್ನೂ ಒಂದು ವಾರ ಇರುವಾಗ ಕ್ಲಾರಾ ಕೆಲಸಕ್ಕೆ ಹೋದರೆ ಬೋರಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳಂತೆ.

"ಕ್ಲಾರಮ್ಮ, ಅತ್ತೆ ಬರುತ್ತೆ. ಹದಿನೇಳು ದಿನ. ನಾನು ಸತ್ತೆ."

ವಿಷಯ ಇಷ್ಟು. ಅತ್ತೆ ಫೋನ್ ಮಾಡುತ್ತಿದ್ದುದು ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ. ಆಗ ಮಗು ಕ್ಲಾರಾಳ ತೊಡೆಯ ಮೇಲಿರುತ್ತಿತ್ತು. ಊಟ ಆಯಿತಾ ಎಂದು ಅಜ್ಜಿ ಅವಳ ಭಾಷೆಯಲ್ಲಿ ಕೇಳಿದರೆ, ಇದು ಫೋನಿಗೆ ಬಾಯಿಟ್ಟು, "ಮುದ್ದೆ ತಿಂದೆ!" ಎಂದು ಕೂಗುತ್ತಿತ್ತು. ಅಜ್ಜಿ ಎಷ್ಟು ಕೇಳಿದರೂ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಕೊನೆಗೆ ಆಯಮ್ಮ ಮಗ ಸೊಸೆಗೆ ಖಡಾಖಂಡಿತವಾಗಿ ಹೇಳಿದಳಂತೆ: ಹುಣ್ಣಿಮೆಯ ಹಬ್ಬಕ್ಕೆ ಬರುತ್ತೇನೆ, ಸೊಸೆಯ ಜೊತೆ ಕೂತು ಹಬ್ಬದ ಕಡುಬು ಮಾಡುತ್ತೇನೆ. ಫೋಟೋದಲ್ಲಿರುವ ಅಡುಗೆ ಮನೆಯಲ್ಲೂ ಇದೆಯಾ ನೋಡುತ್ತೇನೆ. ಮಗುವಿಗೆ ಮನೆಯ ಅಡುಗೆಯೂ ಇಲ್ಲ, ಮನೆಯ ಮಾತೂ ಇಲ್ಲ ಎಂದಾದರೆ ವಾಪಸು ಹೋಗುವಾಗ ಅದನ್ನು ಕರೆದುಕೊಂಡು ಹೋಗುತ್ತೇನೆ, ಸ್ಕೂಲು ಮುಗಿಯುವವರೆಗೆ ನನ್ನ ಹತ್ತಿರ ಇರಲಿ.

ಕ್ಲಾರಾ ಆ ಸಂಜೆ ಬಂದವಳು ಚಪ್ಪಲಿ ಕೂಡ ಬಿಡಲಿಲ್ಲ. "ಅಕ್ಕ, ಆನೆಮರೀನ ಎತ್ಕೊಂಡೋಯ್ತಾರಂತೆ" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಸೊಸೆಗೆ ಕಲಿಸ್ಬುಡು ಮತ್ತೆ" ಎಂದೆ.

"ಆ ಮಗಾ ಈರುಳ್ಳಿ ಸುಲಿಯೋದ್ನೂ ಯೂಟ್ಯೂಬ್ ನೋಡ್ತದೆ ಕಣಕ್ಕ!"

ಆದರೂ ಬೇರೆ ದಾರಿ ಇರಲಿಲ್ಲ. ಮೈಸೂರಿನ ನಜರ್‌ಬಾದಿನ ಕ್ಲಾರಾ ಕೊರಿಯಾದ ಸೊಸೆಗೆ ಕೊರಿಯಾದ ಹಬ್ಬದ ಅಡುಗೆ ಕಲಿಸಲು ಸೆರಗು ಸಿಕ್ಕಿಸಿಕೊಂಡಳು. ನನ್ನನ್ನೂ ಜೊತೆಗೆ ಎಳೆದುಕೊಂಡಳು, ಹಿಟ್ಟಿನ ಕಾರಣಕ್ಕೆ. ಆ ಕಡುಬಿಗೆ ಸೊಂಗ್‌ಪ್ಯೊನ್ ಎಂದು ಹೆಸರು. ನಮ್ಮ ಬಾಯಿಗೆ ಅದು ಸಂಪಣ್ಣ. ಅಕ್ಕಿ ರಾತ್ರಿ ನೆನೆಹಾಕಿ, ಬಸಿದು, ಪಸೆ ಇರುವಾಗಲೇ ಪುಡಿ ಮಾಡಬೇಕು. ಥೇಟ್ ನಮ್ಮ ಕಜ್ಜಾಯದ ಹಿಟ್ಟು. ಕಜ್ಜಾಯದ ಹಿಟ್ಟು ಎಂದರೆ ವಠಾರದಲ್ಲಿ ಸುಮಿತ್ರಮ್ಮನೇ, ಅಂದರೆ ನಾನೇ. ಗಿರಣಿಯವನು ಹಸಿ ಅಕ್ಕಿ ಹಾಕಿದರೆ ಕಲ್ಲು ಕಟ್ಟಿಕೊಳ್ಳುತ್ತದೆ ಎಂದು ಒಪ್ಪುವುದಿಲ್ಲ. ನಾನು ಮಿಕ್ಸಿಯಲ್ಲಿ ಹೊಡೆದು ಜರಡಿ ಹಿಡಿದು ಕೊಟ್ಟೆ. ಕೊಟ್ಟವಳು ಸುಮ್ಮನೆ ಇರಲಾರದೆ ಜೊತೆಗೆ ಬಸ್ಸನ್ನೂ ಹತ್ತಿದೆ.

ಆ ಹದಿನೇಳು ದಿನದ ವೈಭವ ಏನು ಹೇಳಲಿ. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು, ನಿಂಬೆಹಣ್ಣಿನಷ್ಟು ಉಂಡೆ ಹಿಡಿದು ಹೆಬ್ಬೆರಳಿನಿಂದ ಬಟ್ಟಲು ಮಾಡಬೇಕು, ಒಳಗೆ ಹುರಿದ ಎಳ್ಳಿನ ಪುಡಿ ಸಕ್ಕರೆ ತುಂಬಬೇಕು, ಬಾಯಿ ಮುಚ್ಚಿ ಅರ್ಧ ಚಂದ್ರನ ಆಕಾರ ತರಬೇಕು. ಬೋರಮ್ಮ ಮೊದಲನೇ ದಿನ ಮಾಡಿದ್ದು ಯಾರೋ ಕಚ್ಚಿದ ಕಿವಿಯ ಹಾಗಿತ್ತು. ಹಬೆಗೆ ಇಟ್ಟರೆ ಒಂದೂ ಉಳಿಯಲಿಲ್ಲ, ಎಲ್ಲ ಬಾಯಿ ಬಿಟ್ಟವು.

"ಇದೇನವ್ವ ಬೋರಮ್ಮ, ಸಂಪಣ್ಣನ ಒಟ್ಟೆ ಒಡೆದೋಯ್ತಲ್ಲ! ಗಾಳಿ ತೆಗೀಬೇಕು ಕಣವ್ವ. ಮುಷ್ಟಿಲಿ ಇಡ್ಕೊ, ಎರಡು ಸಲ ಅಮುಕು. ಅಂಗಲ್ಲ, ಅದು ನಿನ್ನ ಅತ್ತೆ ಕತ್ತಲ್ಲ!"

ಬೋರಮ್ಮನಿಗೆ ಕತ್ತು ಎನ್ನುವ ಮಾತು ಗೊತ್ತಿರಲಿಲ್ಲ. ಮಗು ತನ್ನ ಕತ್ತು ಹಿಡಿದು ತೋರಿಸಿತು. ಅವಳು ಬಿದ್ದು ಬಿದ್ದು ನಕ್ಕಳು, ಆಮೇಲೆ ನಗುತ್ತ ನಗುತ್ತಲೇ ಅತ್ತಳು, ಅತ್ತು ಮೂಗೊರೆಸಿಕೊಂಡು ಮತ್ತೆ ಹಿಟ್ಟು ಹಿಡಿದಳು. ಹಠವಾದಿ ಹುಡುಗಿ. ಹತ್ತನೇ ದಿನಕ್ಕೆ ಹತ್ತರಲ್ಲಿ ಆರು ನಿಂತವು. ಹದಿನೈದನೇ ದಿನಕ್ಕೆ ಹತ್ತೂ ನಿಂತವು. ಬೀಟ್‌ರೂಟ್ ರಸದಲ್ಲಿ ಕೆಂಪು, ಸೊಪ್ಪಿನ ರಸದಲ್ಲಿ ಹಸಿರು. ಕೆಳಗೆ ಪೈನ್ ಮರದ ಸೂಜಿ ಎಲೆ ಹಾಕಬೇಕಂತೆ, ಅದನ್ನು ಇಲ್ಲಿ ಎಲ್ಲಿಂದ ತರುವುದು, ಬಾಳೆ ಎಲೆ ಹಾಕಿದೆವು. ಅಡುಗೆಯ ಗಂಡಾಂತರ ಕಳೆಯಿತು ಎಂದುಕೊಂಡೆವು. ಮಗುವಿಗೆ ಅಜ್ಜಿಯ ಮುಂದೆ ಕೊರಿಯಾ ಮಾತಾಡೆಂದು ಬೋರಮ್ಮ ದಿನಾ ಹೇಳಿಕೊಟ್ಟಳು. ಅದು ಹೂಂ ಎನ್ನುವುದು, ಓಡುವುದು.

ಅತ್ತೆ ಬರುವುದರೊಳಗೆ ಒಂದು ಒಪ್ಪಂದ ಆಯಿತು. ಕ್ಲಾರಾ ಈ ಮನೆಯ ಅಡುಗೆಯವಳಲ್ಲ, ಕಸ ಮುಸುರೆಯವಳು. ನಾನು ಯಾರು ಎಂದು ಕೇಳಿದರೆ ಕ್ಲಾರಾಳ ಅಕ್ಕ, ಸುಮ್ಮನೆ ಬಂದಿದ್ದೇನೆ. ಇಷ್ಟು ವರ್ಷ ಒಲೆಯ ಮುಂದೆ ರಾಣಿಯ ಹಾಗಿದ್ದವಳಿಗೆ ಪೊರಕೆ ಹಿಡಿಯಲು ಎಷ್ಟು ಕಷ್ಟವಾಯಿತೆಂದರೆ, ಕಸ ಗುಡಿಸುತ್ತ ಗುಡಿಸುತ್ತ ಒಲೆಯ ಹತ್ತಿರವೇ ಬಂದು ನಿಲ್ಲುತ್ತಿದ್ದಳು.

ಆಯಮ್ಮ ಬಂದ ದಿನ ದಸರಾ ಆನೆಗಳನ್ನು ತಾಲೀಮಿಗೆ ಕರೆದುಕೊಂಡು ಹೊರಟಿದ್ದರಿಂದ ನಮ್ಮ ಬಸ್ಸು ಮುಕ್ಕಾಲು ಗಂಟೆ ತಡ. ನಾವು ಒಳಗೆ ಹೋಗುವಾಗಲೇ ಅವಳು ಸೋಫಾದ ಮೇಲೆ ಕೂತಿದ್ದಳು. ನನ್ನ ಓರಗೆಯವಳು. ಗುಂಗುರು ಕೂದಲು, ನೆಟ್ಟಗೆ ಬೆನ್ನು, ಕಣ್ಣು ಎಕ್ಸ್‌ರೇ. ಮಗು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿತ್ತು. ಆಮೇಲೆ ಒಂದೇ ಸಲ, "ಹಲ್ಮೊನಿ!" ಎಂದು ಕೂಗಿ ಓಡಿ ಬಂತು. ಆಯಮ್ಮನ ಮುಖ ಅರಳಿತು, ಎರಡೂ ಕೈ ಚಾಚಿದಳು. ಮಗು ಆ ಕೈಗಳ ಪಕ್ಕದಿಂದ ನುಸುಳಿ ಬಂದು ಕ್ಲಾರಾಳ ಕಾಲಿಗೆ ಗಂಟುಬಿತ್ತು. ಮತ್ತೆ, "ಹಲ್ಮೊನಿ!"

"ಬಂದೆ ಕಂದ, ಆಲು ತಾನೆ, ಈಗ ತಂದೆ" ಎಂದು ಕ್ಲಾರಾ ನೇರವಾಗಿ ಒಳಗೆ ಹೋಗಿ, ಒಂದು ಲೋಟ ಹಾಲು ತಂದು ಮಗುವಿನ ಕೈಗಿಟ್ಟಳು. ಆಯಮ್ಮನ ಚಾಚಿದ ಕೈ ಚಾಚಿದ ಹಾಗೇ ಇತ್ತು.

ಬೋರಮ್ಮ ನಮ್ಮಿಬ್ಬರನ್ನೂ ಅಡುಗೆಮನೆಗೆ ತಳ್ಳಿಕೊಂಡು ಬಂದು ಬಾಗಿಲು ಹಾಕಿದಳು. "ಕ್ಲಾರಮ್ಮ, ಹಾಲು ಯಾಕೆ?"

"ಮಗಾ ಆಲ್ಮೊನಿ ಅಂತದಲ್ಲ. ದಿನಾ ಕೇಳ್ತದೆ, ದಿನಾ ಕೊಡ್ತೀನಿ."

"ಹಲ್ಮೊನಿ ಹಾಲು ಅಲ್ಲ! ಹಲ್ಮೊನಿ ಅಂದ್ರೆ ಅಜ್ಜಿ!"

ಕ್ಲಾರಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ದೇವ್ರೇ. ಎರಡು ವರ್ಸದಿಂದ ಅದು ನನ್ನ ಅಜ್ಜಿ ಅಂತ ಕೂಗ್ತಾ ಅದೆ, ನಾನು ಆಲು ಕುಡಿಸ್ತಾ ಇದೀನಲ್ಲ!" ಆಮೇಲೆ ಬೋರಮ್ಮನ ಕಡೆ ತಿರುಗಿ, "ನೀನಾದ್ರೂ ಏಳ್ಬಾರ್ದಾ?" ಎಂದಳು.

"ನಾನು ಅಂದ್ಕೊಂಡೆ, ಇಂಡಿಯಾದಲ್ಲಿ ಅಜ್ಜಿ ಅಂತ ಕರೆದರೆ ಹಾಲು ಕೊಡಬೇಕು, ಸಂಪ್ರದಾಯ."

ನಾನು ನಗು ತಡೆಯಲಾರದೆ ಸಿಂಕಿನ ಕಡೆ ತಿರುಗಿ ನಿಂತೆ. ಕ್ಲಾರಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅದಕ್ಕೇಯ ಮಗಾ ಇಷ್ಟು ದುಂಡಗಾಗಿರೋದು" ಎಂದಳು, ಮತ್ತೆ ಕಣ್ಣೊರೆಸಿಕೊಂಡಳು.

ಆದರೆ ಹೊರಗೆ ಕೂತಿದ್ದವಳಿಗೆ ಇದು ನಗುವ ವಿಷಯ ಆಗಿರಲಿಲ್ಲ. ಏಳು ಸಮುದ್ರ ದಾಟಿ ಬಂದ ಅಜ್ಜಿಯನ್ನು ಬಿಟ್ಟು ಮಗು ಕಸ ಗುಡಿಸುವವಳನ್ನು ಅಜ್ಜಿ ಎಂದಿತ್ತು. ಆವತ್ತೇ ಆಯಮ್ಮ ಮಗುವಿನ ಬಟ್ಟೆಯ ಬೀರು ತೆಗೆದು, ಯಾವುದು ದಪ್ಪದ ಸ್ವೆಟರು, ಯಾವುದು ತೆಳುವು ಎಂದು ಬೇರೆ ಬೇರೆ ಇಡತೊಡಗಿದಳು. ಅವರ ದೇಶದಲ್ಲಿ ಚಳಿಗಾಲ ಬರುತ್ತಿದೆಯಲ್ಲ. ಅದನ್ನು ನೋಡಿ ಬೋರಮ್ಮನ ಮುಖ ಸುಣ್ಣವಾಯಿತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಕಡುಬು ಮಾಡಲು ಕೂತರು. ನಮ್ಮ ಮಾರ್ನಮಿಯ ಹಾಗೆ ಅವರೂ ಆ ಹುಣ್ಣಿಮೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ, ಅದಕ್ಕೆ ಈ ಕಡುಬು ಆಗಲೇಬೇಕು. ಮಿಂಜೆ ಕಾರ್ಖಾನೆಗೆ ಹೋಗಿದ್ದ. ನಡುಮನೆಯಲ್ಲಿ ಚಾಪೆ ಹಾಸಿ ಅತ್ತೆ, ಸೊಸೆ, ನಡುವೆ ಮಗು. ನಾನು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ. ಕ್ಲಾರಾ ಅದೇ ಎರಡು ಅಡಿ ನೆಲವನ್ನು ಐದನೇ ಸಲ ಒರೆಸುತ್ತಿದ್ದಳು.

ಬೋರಮ್ಮ ಹಿಟ್ಟಿಗೆ ಕುದಿನೀರು ಹಾಕಿದಳು, ಹದ ನೋಡಿದಳು, ನಾದಿದಳು. ಅತ್ತೆ ಬೆರಳಿಟ್ಟು ನೋಡಿ ತಲೆಯಾಡಿಸಿದಳು. ನನಗೆ ಜೀವ ಬಂತು. ಅತ್ತೆ ಒಂದು ಉಂಡೆ ತೆಗೆದುಕೊಂಡು ತುಂಬಿ, ಮೂರು ಬೆರಳಿನ ಗುರುತು ಬೀಳುವ ಹಾಗೆ ಒತ್ತಿ ತಟ್ಟೆಯಲ್ಲಿಟ್ಟಳು. ನುಣ್ಣಗೆ, ಸಾದಾ. ಸೊಸೆಯೂ ಒಂದು ತೆಗೆದುಕೊಂಡಳು. ತುಂಬಿದಳು, ಮುಚ್ಚಿದಳು, ಮುಷ್ಟಿಯಲ್ಲಿ ಎರಡು ಸಲ ಅಮುಕಿದಳು. ಎಲ್ಲ ಸರಿ. ಆಮೇಲೆ ಅವಳ ಬೆರಳು ತಾನಾಗಿಯೇ ಅಂಚಿನ ಮೇಲೆ ಹೋಯಿತು. ಚಿವುಟಿ ಮಡಿಸಿ, ಚಿವುಟಿ ಮಡಿಸಿ, ಈ ತುದಿಯಿಂದ ಆ ತುದಿಗೆ ಸಣ್ಣ ಜಡೆ ಹೆಣೆದು ತಟ್ಟೆಯಲ್ಲಿಟ್ಟಳು.

ಕರಿಗಡುಬಿನ ಜಡೆ! ನಾನು ಕ್ಲಾರಾಳಿಗೆ ಅವಳ ಮದುವೆಯಾದ ಹೊಸತರಲ್ಲಿ ಕಲಿಸಿದ ಜಡೆ. ಕಡುಬು ಎಂದ ಮೇಲೆ ಅಂಚಿಗೆ ಜಡೆ ಹಾಕದೆ ಬಿಡುವುದುಂಟೇ, ನಮ್ಮ ಕೈಗೆ ಅದು ಕಣ್ಣು ಮುಚ್ಚಿದರೂ ಬರುತ್ತದೆ. ಕೊರಿಯಾದಲ್ಲಿ ಯಾರೂ ಹಾಕುವುದಿಲ್ಲ ಎಂದು ನಮಗೆ ಹೊಳೆದೇ ಇರಲಿಲ್ಲ. ಪಾರ್ಕಮ್ಮ ಆ ಕಾಲದಲ್ಲೇ ನೋಡಿ ನಕ್ಕು ಸುಮ್ಮನಾಗಿದ್ದಳಂತೆ. ಬೋರಮ್ಮ ಅದು ಪಾರ್ಕಮ್ಮನ ಊರಿನ ಪದ್ಧತಿ ಇರಬೇಕೆಂದು ತಿಳಿದಿದ್ದಳಂತೆ. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಆಯಮ್ಮ ಆ ಕಡುಬನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಚೀಲದಿಂದ ಫೋನ್ ತೆಗೆದಳು. ಬೆರಳಾಡಿಸಿ ಒಂದು ಫೋಟೋ ತೋರಿಸಿದಳು, ಹಿಂದಿನ ವರ್ಷದ ಹಬ್ಬದ್ದು. ಅದರಲ್ಲೂ ಜಡೆ. ಅದರ ಹಿಂದಿನದ್ದು. ಅಲ್ಲೂ ಜಡೆ. ಎರಡು ವರ್ಷದಿಂದ ಆಕೆ ಆ ಜಡೆ ನೋಡಿಕೊಂಡು, ಇದು ಯಾರ ಕೈ ಎಂದು ಯೋಚಿಸಿಕೊಂಡೇ ಇದ್ದಳು. ಈಗ ಸೊಸೆಯ ಮುಖ ನೋಡಿ ಏನೋ ಕೇಳಿದಳು. ಬೋರಮ್ಮ ನಾದಿದ ಹಿಟ್ಟನ್ನೇ ಮತ್ತೆ ನಾದತೊಡಗಿದಳು.

"ಏನಂತೆ ಆನೆಮರಿ?" ಎಂದು ಕ್ಲಾರಾ ನೆಲದಿಂದಲೇ ಪಿಸುಗುಟ್ಟಿದಳು.

"ಈ ಜಡೆ ಯಾರು ಆಕಿದ್ದು ಅಂತ ಕೇಳ್ತಾವ್ಳೆ" ಎಂದಿತು ಮಗು. ಕ್ಲಾರಾಳ ತೊಡೆಯ ಮೇಲೆ ಕಲಿತ ಕನ್ನಡ, ಹಕಾರ ಅದಕ್ಕೂ ಇಲ್ಲ.

"ನಿಮ್ಮಮ್ಮಾನೇ ಅಂತ ಏಳು. ಕ್ಲಾರಂಗೆ ಅಡುಗೆಯೇ ಬರಲ್ಲ, ಬರೀ ಕಸ ಗುಡಿಸ್ತಾಳೆ ಅಂತ ಏಳು, ಜಾಣಮರಿ."

ಮಗು ತಿರುಗಿತು. ಮಂಡಿಯೂರಿ ಕೂತು, ಅಜ್ಜಿಯ ಮುಖ ನೋಡಿಕೊಂಡು, ಕೊರಿಯಾ ಭಾಷೆಯಲ್ಲಿ ಪಟಪಟ ಎಂದು ಹೇ​ಳಿತು. ನನಗೆ ಅರ್ಥವಾಗಲಿಲ್ಲ, ಆದರೆ ಬೋರಮ್ಮ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಿದ್ದು ನೋಡಿ ಅನಾಹುತ ಆಗಿದೆ ಎಂದು ತಿಳಿಯಿತು. ಮಗು ಹೇಳಿದ್ದು ಇದಂತೆ: "ಅಮ್ಮಾನೇ ಹಾಕಿದ್ದು ಅಂತ ಹೇಳು ಅಂದಳು ಕ್ಲಾರಾ. ಕ್ಲಾರಾಗೆ ಅಡುಗೆ ಬರಲ್ಲ, ಬರೀ ಕಸ ಗುಡಿಸ್ತಾಳೆ ಅಂತಾನೂ ಹೇಳು ಅಂದಳು. ಜಾಣಮರಿ ಅಂತಾನೂ ಅಂದಳು."

ಕ್ಲಾರಾ ಒರೆಸುವ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಕೂತಳು, ಸೀರೆಯೆಲ್ಲ ಒದ್ದೆ.

ಆಯಮ್ಮ ಸೊಸೆಯನ್ನು ಬಿಟ್ಟು ಮೊಮ್ಮಗಳ ಕಡೆ ತಿರುಗಿದಳು. ಒಂದು ಪ್ರಶ್ನೆ ಕೇಳಿದಳು. ಮಗು ಒಂದು ಬಸ್ಸಿನಷ್ಟು ಉದ್ದದ ಉತ್ತರ ಕೊಟ್ಟಿತು. ಇನ್ನೊಂದು ಕೇಳಿದಳು. ಇದು ಎದ್ದು ನಿಂತು ಕೈ ಬೀಸಿ ವಿವರಿಸಿತು. ನನ್ನ ಕಿವಿಗೆ ಬಿದ್ದದ್ದು ನಡು ನಡುವೆ ಬಂದ ನಮ್ಮ ಮಾತುಗಳು ಮಾತ್ರ: ಕ್ಲಾರಾ, ಸುಮಿತ್ರಮ್ಮ, ಮಿಕ್ಸಿ, ಗೊಜ್ಜು, ಒಟ್ಟೆ. ಒಟ್ಟೆ ಎನ್ನುವಾಗ ಮುಷ್ಟಿ ಕಟ್ಟಿ ಎರಡು ಸಲ ಅಮುಕಿ ತೋರಿಸಿತು. ಬಿಳಿ ಹಿಟ್ಟು ಯಾವ ಮನೆಯಿಂದ ಬರುತ್ತದೆ, ಕೆಂಚಿಯ ಗಂಜಿ ಎಷ್ಟು ತೆಳ್ಳಗಿರಬೇಕು, ಅಮ್ಮ ಎಷ್ಟು ಸಂಪಣ್ಣ ಒಡೆದು ಹಾಕಿದಳು, ಯಾವ ದಿನ ಅತ್ತಳು, ಒಂದನ್ನೂ ಬಿಡದೆ ಹೇಳಿತಂತೆ. ನಾಲ್ಕೂವರೆ ವರ್ಷದ ಮಗು! ಹದಿನೇಳು ದಿನ ತಾಯಿ ಹೇಳಿಕೊಟ್ಟ ಯಾವ ವಾಕ್ಯವೂ ಅದರಲ್ಲಿ ಇರಲಿಲ್ಲ.

ಆಯಮ್ಮ ಬೆರಗಾಗಿ ಕೇಳುತ್ತಿದ್ದಳು. ಕೊನೆಗೆ, "ಇಷ್ಟು ಚೆನ್ನಾಗಿ ಮಾತಾಡ್ತೀಯ, ಮತ್ತೆ ಫೋನಿನಲ್ಲಿ ಯಾಕೆ ಮಾತಾಡಲ್ಲ?" ಎಂದಳಂತೆ.

"ನೀನು ಫೋನಿನಲ್ಲಿ ಊಟ ಆಯ್ತಾ ಅಂತ ಒಂದೇ ಕೇಳ್ತೀಯ" ಎಂದಿತಂತೆ ಮಗು.

ಅಷ್ಟರಲ್ಲಿ ಬೋರಮ್ಮ ಹಿಟ್ಟು ಮೆತ್ತಿದ ಮುಖದಲ್ಲೇ ಅತ್ತೆಯ ಮುಂದೆ ತಲೆ ಬಾಗಿಸಿ, ಅಳುತ್ತ ಏನೇನೋ ಹೇಳಿಕೊಂಡಳು. ಎಲ್ಲ ಒಪ್ಪಿಕೊಂಡಳು ಎಂದು ಭಾಷೆ ಬರದ ನಮಗೂ ತಿಳಿಯಿತು. ಅತ್ತೆ ದನಿ ಏರಿಸಿದಳು. ಚೆನ್ನಾಗಿಯೇ ಬೈದಳು. ಬೈಗುಳಕ್ಕೆ ಯಾವ ದೇಶದಲ್ಲೂ ಒಂದೇ ರಾಗ. ಕ್ಲಾರಾ ತಡೆಯಲಾರದೆ ಎದ್ದು ಬಂದು ಸೊಸೆಯ ಪಕ್ಕ ಕೂತಳು.

"ಅಮ್ಮಾ, ತೆಪ್ಪು ನಂದು. ನಾನೇ ಮಾಡ್ಕೊಡ್ತೀನಿ ಬುಡವ್ವ ಅಂತ ಆ ಮಗೂಗೆ ಒಲೆ ತಾವಕ್ಕೇ ಬುಡ್ಲಿಲ್ಲ. ಆನೆಮರೀನ ಮಾತ್ರ ಎತ್ಕೊಂಡೋಗ್ಬೇಡಿ. ಏಳೇ, ನಿಮ್ಮಜ್ಜಿಗೆ ಏಳೇ."

ಮಗು ಹೇಳಿತು. ಆಯಮ್ಮ ಕ್ಲಾರಾಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಹಿಟ್ಟಿನ ಒಂದು ಉಂಡೆ ಮುರಿದು ಅವಳ ಅಂಗೈಗೆ ಇಟ್ಟು, ಗಲ್ಲದಲ್ಲೇ ಸನ್ನೆ ಮಾಡಿದಳು, ಮಾಡು ಎಂದು. ಕ್ಲಾರಾ ತುಂಬಿ, ಅಮುಕಿ, ಜಡೆ ಹೆಣೆದಳು. ಆಯಮ್ಮ ಕಣ್ಣು ಹತ್ತಿರ ತಂದು ನೋಡಿದಳು. ತಾನೂ ಒಂದಕ್ಕೆ ಹೆಣೆಯಲು ಹೋದಳು. ಅರ್ಧಕ್ಕೆ ಹರಿಯಿತು. ಇನ್ನೊಂದು ಹರಿಯಿತು.

"ಉಗುರು ಆಕ್ಬಾರ್ದು, ಬೆರಳಿನ ಮೆತ್ತಗಿನ ಭಾಗ" ಎಂದು ನಾನೇ ಸ್ಟೂಲಿನಿಂದ ಇಳಿದು ಬಂದೆ. ಅಷ್ಟು ಹೊತ್ತಿಗೆ ನನ್ನ ಹಕಾರವೂ ಹೋಗಿತ್ತು. ಮೂರನೆಯದಕ್ಕೆ ಜಡೆ ನಿಂತಿತು. ಆಯಮ್ಮ ಮೊದಲ ಸಲ ಹಲ್ಲು ತೋರಿಸಿದಳು. ಮಗುವಿನ ಕಡೆ ತಿರುಗಿ ಏನೋ ಉದ್ದಕ್ಕೆ ಹೇಳಿದಳು.

ನಾನು, ಕ್ಲಾರಾ ಇಬ್ಬರೂ ಮಗುವಿನ ಬಾಯಿ ನೋಡಿದೆವು. ಅದು ಎಳ್ಳುಪುಡಿ ತಿನ್ನುತ್ತಿತ್ತು. ನುಂಗಿ, ತುಟಿ ನೆಕ್ಕಿ, ಆಮೇಲೆ ಹೇಳಿತು:

"ಅಮ್ಮ ಸುಳ್ಳು ಏಳಿದ್ದಕ್ಕೆ ಅಜ್ಜಿಗೆ ಸಾನೆ ಕ್ವಾಪ ಅಂತೆ. ನನ್ನ ಕರ್ಕೊಂಡೋಗಲ್ವಂತೆ. ನಂಗೆ ಎಲ್ಲಾ ಬತ್ತದಂತೆ. ಅಮ್ಮಂಗೇ ಏನೂ ಬರಲ್ವಂತೆ. ಅದ್ಕೆ ಅಮ್ಮನ್ನ ಕರ್ಕೊಂಡೋಗ್ಬೇಕು ಅಂತಾವ್ಳೆ."

ಬೋರಮ್ಮ ಅಳುವುದೋ ನಗುವುದೋ ತಿಳಿಯದೆ ಬಿಕ್ಕಿದಳು. ಕ್ಲಾರಾ ಮಾತ್ರ ಮಗುವನ್ನು ಸೆಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಸಂಜೆ ಮಿಂಜೆ ಬಂದಾಗ ಚಾಪೆಯ ಮೇಲೆ ನೂರಾ ಹತ್ತು ಕಡುಬು, ಎಲ್ಲಕ್ಕೂ ಜಡೆ. ಅವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಶೂ ಬಿಚ್ಚದೆ ಬಾಗಿಲಲ್ಲೇ ನಿಂತ. ಮಾರನೇ ದಿನ ಹಿರಿಯರ ಎಡೆಗೂ ಜಡೆಯ ಕಡುಬೇ ಇಟ್ಟರು. ಕೊರಿಯಾದ ಹಿರಿಯರು ಆವತ್ತು ಏನಂದುಕೊಂಡರೋ.

ಬೋರಮ್ಮನನ್ನು ಕರೆದುಕೊಂಡು ಹೋಗುವ ಮಾತು ಬರೀ ಬೆದರಿಕೆ, ಅದೂ ಕೊನೆಗೆ ಒಂದು ಶಿಕ್ಷೆಗೆ ಬಂದು ನಿಂತಿತು. ಪ್ರತಿ ಭಾನುವಾರ ಅತ್ತೆ ವಿಡಿಯೋದಲ್ಲಿ ಬರುತ್ತಾಳೆ. ಸೊಸೆ ಅವಳ ಕಣ್ಣೆದುರೇ ಒಂದು ಅಡುಗೆ ಮಾಡಿ ಮುಗಿಸಬೇಕು. ಮೊಮ್ಮಗಳು ಪಕ್ಕದಲ್ಲಿ ಕೂತು ಆ ವಾರದ ವರದಿ ಒಪ್ಪಿಸಬೇಕು. ಆ ಹೊತ್ತಿಗೆ ಕ್ಲಾರಾ ಅಡುಗೆಮನೆಯ ಹೊಸ್ತಿಲು ತುಳಿಯಬಾರದು, ಇದು ಆಯಮ್ಮ ಮೂರು ಸಲ ಬೆರಳೆತ್ತಿ ಹೇಳಿದ ಷರತ್ತು.

ಭಾನುವಾರ ಕ್ಲಾರಾಳಿಗೆ ರಜ. ಆದರೂ ಚರ್ಚಿನಲ್ಲಿ ಪೂಜೆ ಮುಗಿದದ್ದೇ ತಡ, ನನ್ನನ್ನೂ ಎಬ್ಬಿಸಿಕೊಂಡು ದಟ್ಟಗಳ್ಳಿಯ ಬಸ್ಸು ಹತ್ತುತ್ತಾಳೆ. ಒಳಗೆ ಕಾಲಿಡುವುದಿಲ್ಲ, ಮಾತಿಗೆ ತಪ್ಪುವವಳಲ್ಲ. ಪಾತ್ರೆ ತೊಳೆಯುವ ಕಟ್ಟೆಯ ಕಡೆ ನಿಂತು ಕಿಟಕಿಯಿಂದ ಇಣುಕುತ್ತಾಳೆ. ಹೋದ ವಾರ ಬೋರಮ್ಮ ಸಮುದ್ರದ ಪಾಚಿಯ ಸಾರು ಮಾಡುತ್ತಿದ್ದಳು. ಕುದಿ ಬಂತು. ಕ್ಲಾರಾ ನನ್ನ ತೋಳು ಹಿಸುಕಿದಳು. ಇನ್ನೊಂದು ಕುದಿ ಬಂತು. ಅವಳಿಗೆ ತಡೆಯಲಾಗಲಿಲ್ಲ.

"ಬೋರಮ್ಮ! ಉಪ್ಪು!" ಅವಳ ಪ್ರಕಾರ ಅದು ಪಿಸುಮಾತು.

ಫೋನಿನೊಳಗಿನಿಂದ ಆಯಮ್ಮನ ದನಿ ಬಂತು, ಅಚ್ಚ ನಜರ್‌ಬಾದಿನ ಕನ್ನಡದಲ್ಲಿ. ಮಗುವೇ ಕಲಿಸಿರಬೇಕು.

"ಕ್ಲಾರಾ, ಸುಮ್ಕಿರು!"

"ಸುಮ್ಕಿದ್ರೆ ನಿಮ್ಮ ಮಗ ಮದ್ಯಾನ ಸಪ್ಪೆ ಸಾರು ಕುಡೀಬೇಕಾಯ್ತದೆ! ಏಳೇ ಆನೆಮರಿ, ನಿಮ್ಮಜ್ಜಿಗೆ ಏಳೇ!"

ಆನೆಮರಿ ಕುರ್ಚಿಯ ಮೇಲೆ ಮಂಡಿಯೂರಿ ಫೋನಿಗೆ ಬಾಯಿಟ್ಟು, ಒಂದಕ್ಷರ ಬಿಡದೆ ಹೇಳಿತು. ಆಮೇಲೆ ಆಯಮ್ಮ ಸೊಸೆಗೆ ಏನೋ ಒಂದು ಮಾತು ಹೇಳಿದಳು. ಬೋರಮ್ಮ ನಮ್ಮ ಕಿಟಕಿಯ ಕಡೆ ಒಮ್ಮೆ ನೋಡಿ, ಉಪ್ಪಿನ ಡಬ್ಬಕ್ಕೆ ಕೈ ಹಾಕಿದಳು.